ಎರಡು ಸೀಟಿನ ವಿಮಾನ ಮತ್ತು ಶೇಖಮ್ಮನ ಕೌದಿ

ಭಾನುವಾರದ ಹಾರಾಟ ಮುಗಿಸಿ ಹ್ಯಾಂಗರಿನ ನೆರಳಿನಲ್ಲಿ ಚಹಾ ಕುಡಿಯಲು ಕೂತಾಗ ಆ ಫ್ಲೈಯಿಂಗ್ ಕ್ಲಬ್ಬಿನ ಖಾಸಗಿ ಪೈಲಟ್‌ಗಳ ಮಾತು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಒಂದೇ ಪ್ರಶ್ನೆಯ ಮೇಲೆ ಇಳಿಯುತ್ತದೆ. ಇಲ್ಲಿಯವರೆಗೆ ಹಾರಿಸಿದ ವಿಮಾನಗಳಲ್ಲಿ ಯಾವುದು ಮೆಚ್ಚು? ರಾಯಚೂರಿನ ಕಣ್ಣಿನ ಡಾಕ್ಟರರು ನಾಲ್ಕು ಸೀಟಿನ ಡೈಮಂಡ್ ವಿಮಾನದ ಹೆಸರು ಹೇಳುತ್ತಾರೆ. ಅದರ ನುಣುಪಾದ ಬಿಳಿ ಮೈಯನ್ನೂ ಬಣ್ಣದ ಪರದೆಗಳನ್ನೂ ವರ್ಣಿಸುವಾಗ ಅವರ ಕೈಯಲ್ಲಿನ ಚಹಾ ಆರಿಹೋಗುತ್ತದೆ. ಹತ್ತಿ ಗಿರಣಿಯ ಮಾಲೀಕರದು ಸೆಸ್ನಾ ೧೭೨ರ ಪಕ್ಷ. “ಗಂಡ ಹೆಂಡ್ತಿ ಮಕ್ಕಳು ಎಲ್ಲಾರೂ ಕುಂದರಬೌದು, ಮ್ಯಾಲೆ ಎರಡು ಗಂಟು” ಎಂಬುದು ಅವರ ವಾದ. ನಾಗವೇಣಿಯ ಸರದಿ ಬಂದಾಗ ಮಾತ್ರ ಎಲ್ಲರಿಗೂ ಮೊದಲೇ ನಗು.

“ನಂದು ಒನ್ ಫಿಫ್ಟಿ ಟೂನ ರೀ.”

ಸೆಸ್ನಾ ೧೫೨ ಕ್ಲಬ್ಬಿನ ಅತ್ಯಂತ ಹಳೆಯ ವಿಮಾನ. ಸೀಟುಗಳು ಎರಡೇ, ಕೂತವರ ಭುಜಕ್ಕೆ ಭುಜ ಉಜ್ಜುತ್ತದೆ. ಬೇಸಿಗೆಯಲ್ಲಿ ಅದು ಮೇಲೇರುವುದನ್ನು ನೋಡಿದರೆ ಕೆರೆಯ ದಂಡೆ ಹತ್ತುವ ಎಮ್ಮೆಯ ನೆನಪಾಗುತ್ತದೆ.

“ಕಲಿತ ವಿಮಾನ ಅಂತ ಮಾಯಾ ಮಮತಾ ಏನ್ರಿ ಮೇಡಂ?” ಎಂದು ಡಾಕ್ಟರರು ಕೆಣಕಿದರೆ ಆಕೆ ತಲೆಯಾಡಿಸುತ್ತಾಳೆ. “ಮಾಯಾ ಅಲ್ಲರೀ. ಅದಕ್ಕ ಮುಚ್ಚಿಡಾಕ ಬರಂಗಿಲ್ಲ.” ಅಷ್ಟೇ ಹೇಳಿ ಚಹಾದ ಲೋಟ ಎತ್ತಿಕೊಳ್ಳುತ್ತಾಳೆ. ಅತ್ತ ಮೆಕ್ಯಾನಿಕ್ ಮುಕರ್ರಂ, ಎಂಜಿನ್ನಿನ ಮುಚ್ಚಳದೊಳಗೆ ತಲೆ ತೂರಿಸಿದ್ದವನು, ಹೊರಗೆ ಕಾಣದಂತೆ ನಗುತ್ತಾನೆ. ಆ ಮಾತಿನ ಹಿಂದಿನ ಸಂಗತಿ ಗೊತ್ತಿರುವವರಲ್ಲಿ ಅವನೂ ಒಬ್ಬ.

ನಾಗವೇಣಿ ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವಳು. ತಂದೆ ಮಲ್ಲಯ್ಯ ಊರ ಶಾಲೆಯ ಗಂಟೆ ಬಾರಿಸುತ್ತಿದ್ದ ಜವಾನ. ತಾಯಿ ಶೇಖಮ್ಮ ಮೊದಲು ಪರರ ಹೊಲದಲ್ಲಿ, ಆಮೇಲೆ ತಮ್ಮದೇ ಒಂದು ತುಂಡು ಹೊಲದಲ್ಲಿ ಹತ್ತಿ ಬಿಡಿಸಿದವಳು. ಮಗಳು ಎಂಜಿನಿಯರಿಂಗ್ ಓದಿದಳು. ಈಗ ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಶಾಖ ಮತ್ತು ಎಂಜಿನ್ನುಗಳ ಪಾಠ ಹೇಳುತ್ತಾಳೆ. ನಲವತ್ತರ ಹೊಸ್ತಿಲಲ್ಲಿ ಗೆಳತಿಯೊಬ್ಬಳ ಜೊತೆ ಪಕ್ಕದ ಜಿಲ್ಲೆಯ ಈ ಕ್ಲಬ್ಬಿಗೆ ಕುತೂಹಲಕ್ಕೆಂದು ಬಂದು, ಒಂದು ಸುತ್ತು ಹಾರಿ, ಇಳಿದ ಮೇಲೆ ಮನೆಗೆ ಹೋಗಲು ಮನಸ್ಸೇ ಬಾರದೆ ನಿಂತಳು. ಸಹೋದ್ಯೋಗಿಗಳು ಮನೆಯ ಮೇಲೊಂದು ಮಹಡಿ ಎಬ್ಬಿಸಿದ ವರ್ಷಗಳಲ್ಲಿ ಆಕೆ ಪೈಲಟ್ ಪರವಾನಗಿ ಪಡೆದಳು. ಈ ಆಯ್ಕೆಯನ್ನು ಬಂಧುಗಳು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಕಲಿಸಿದವರು ಕ್ಯಾಪ್ಟನ್ ಯಶೋದಾ, ಮಾತು ಕಡಿಮೆ, ನಿಯಮ ಹೆಚ್ಚು. ಅವರ ಒಂದು ನಿಯಮಕ್ಕೆ ಗುರುತು ರನ್‌ವೇಯ ನಡುಮಧ್ಯದ ಬದಿಯಲ್ಲಿ ನಿಂತಿರುವ ಬೇವಿನ ಮರ. ವಿಮಾನ ಓಡುತ್ತ ಆ ಮರದ ಬಳಿ ಬರುವಷ್ಟರಲ್ಲಿ ವೇಗದ ಸೂಜಿ ಗೊತ್ತುಮಾಡಿದ ಗೆರೆಯನ್ನು ಮುಟ್ಟಿರಬೇಕು. ಮುಟ್ಟದಿದ್ದರೆ ಎಂಜಿನ್ ಇಳಿಸು, ಬ್ರೇಕ್ ಹಿಡಿ, ನಿಲ್ಲು. ಕಾರಣ ಹುಡುಕುವುದು ನಿಂತ ಮೇಲೆ. “ಮರ ದಾಟಿದ ಮ್ಯಾಲೆ ಯೋಚನೆ ಮಾಡೋರಿಗೆ ಗೋಡೆ ಉತ್ತರ ಕೊಡ್ತದೆ” ಎನ್ನುತ್ತಿದ್ದರು. ಗೋಡೆ ಎಂದರೆ ರನ್‌ವೇಯ ತುದಿಯಾಚೆಗಿದ್ದ ಕಲ್ಲಿನ ಕಾಂಪೌಂಡು.

ಈ ವರ್ಷ ಹೋಳಿಯ ಹೊತ್ತಿಗೆ ನಾಗವೇಣಿಯ ತಮ್ಮ ಕಿರಣಕುಮಾರ ಮಾನವಿಯಲ್ಲಿ ಮನೆ ಕಟ್ಟಿ ಮುಗಿಸಿದ್ದ. ಅಲ್ಲಿಯ ಪ್ರೌಢಶಾಲೆಯಲ್ಲಿ ಮಾಸ್ತರನಾಗಿರುವ ಅವನು, ಹೆಂಡತಿ ವಿಶಾಖಾ ಜೊತೆ ಹೊಸ ಲೇಔಟಿನ ಆ ಮನೆಗೆ ವಾರದೊಳಗೆ ಹೊಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ತಾಯಿಯನ್ನು ಕೂರಿಸಿಕೊಂಡು ಮಸರಕಲ್ಲಿನ ಮೇಲೆ, ಆಮೇಲೆ ಮಾನವಿಯ ಮೇಲೆ ಒಂದು ಸುತ್ತು ಹಾರಿ ಬರಬೇಕೆಂದು ನಾಗವೇಣಿ ಬಹಳ ದಿನದಿಂದ ಅಂದುಕೊಂಡಿದ್ದಳು. ಮಲ್ಲಯ್ಯನನ್ನೂ ಕೇಳಿದ್ದಳು. “ನನಗ ನೆಲ ಸಾಕವ್ವಾ. ಅದರ ಮ್ಯಾಲೆನ ಇನ್ನೂ ನೆಟ್ಟಗ ನಡಿಯಾಕ ಬಂದಿಲ್ಲ” ಎಂದು ಅವನು ಕೈಮುಗಿದುಬಿಟ್ಟ.

ಶೇಖಮ್ಮ ಹಾಗಲ್ಲ. ಕೇಳಿದ ಗಳಿಗೆಯಿಂದ ಅವಳು ತಯಾರು.

“ಮಾನವ್ಯಾಗ ಇಳಿತದೇನು?”

“ಇಳಿಯಂಗಿಲ್ಲ ಬೇ ಯವ್ವಾ. ಮ್ಯಾಲಿಂದ ನೋಡಿ ಹೊಳ್ಳಿ ಬರೋದು.”

“ಕಿರಣನ ಮನಿ ಮುಂದ ಬಯಲು ಅದ. ಮೂರು ಲಾರಿ ಒಮ್ಮಿಗೇ ತಿರುಗ್ತಾವ.”

“ಲಾರಿ ಬ್ಯಾರೆ, ಇದು ಬ್ಯಾರೆ.”

“ಆತು ಬಿಡು” ಎಂದಳು ಶೇಖಮ್ಮ. ಮಗಳು ಅದನ್ನು ಒಪ್ಪಿಗೆಯೆಂದು ತಿಳಿದಳು. ಶೇಖಮ್ಮನ ಲೆಕ್ಕ ಬೇರೆಯಿತ್ತು. ಮೇಲೆ ಹೋದ ಮೇಲೆ, ಮಗನ ಮನೆ ಕಣ್ಣಿಗೆ ಬಿದ್ದ ಮೇಲೆ, ಹೆತ್ತವ್ವ ಇಳಿಸು ಎಂದರೆ ಮಗಳು ಇಳಿಸದಿರುತ್ತಾಳೆಯೇ?

ಎರಡು ಸೀಟಿನ ವಿಮಾನದಲ್ಲಿ ತೂಕವೇ ಮೊದಲ ಶಾಸ್ತ್ರ. ಇಂಧನ ಎಷ್ಟು, ಕೂತವರು ಎಷ್ಟು, ಹಿಂದಿನ ಪುಟ್ಟ ಜಾಗದಲ್ಲಿ ಇಟ್ಟದ್ದೆಷ್ಟು ಎಂದು ಕೂಡಿಸದೆ ಹೊರಡುವಂತಿಲ್ಲ. ತಾಯಿ ಮಗಳಿಬ್ಬರೂ ತೆಳ್ಳಗಿನ ಮೈಯವರಲ್ಲ. ಹೀಗಾಗಿ ಹಿಂದಿನ ವಾರವೇ ನಾಗವೇಣಿ ತಾಯಿಯನ್ನು ದೇವದುರ್ಗದಲ್ಲಿ ಹತ್ತಿ ವ್ಯಾಪಾರಿಯೊಬ್ಬನ ಕಾಂಟಾದ ಮೇಲೆ ನಿಲ್ಲಿಸಿದ್ದಳು. “ನಾನೇನು ಹತ್ತಿ ಅಂಡಿಗಿ ಏನಲೇ, ಬಜಾರದಾಗ ತೂಗಾಕ?” ಎಂದು ಶೇಖಮ್ಮ ಬೈಯುತ್ತಲೇ ಹತ್ತಿ ನಿಂತಳು. ಮಲ್ಲಯ್ಯ ಪಕ್ಕದಲ್ಲಿ ನಿಂತು, “ನೀರು ಹಾಕಿ ತೂಕ ಹೆಚ್ಚು ಮಾಡ್ಯಾರೇನು ನೋಡ್ರೆಪಾ” ಎಂದದ್ದಕ್ಕೆ ವ್ಯಾಪಾರಿಯೂ ನಕ್ಕ. ಕೂಡಿಸಿ ನೋಡಿದಾಗ ಒಂದು ಕೈಚೀಲದಷ್ಟು ಅವಕಾಶ ಮಿಕ್ಕಿತ್ತು. ಸಾಕು ಎನಿಸಿತು.

ಸೂರ್ಯ ಮೇಲೇರುವ ಮುನ್ನ ಹಾರುವುದೆಂಬ ಯೋಜನೆ ಮೊದಲು ಕೆಟ್ಟಿತು. ಬಾಡಿಗೆಯ ಬೊಲೆರೊ ಗಾಡಿ ದೇವದುರ್ಗ ದಾಟುವ ಮೊದಲೇ ಚಕ್ರ ಪಂಕ್ಚರ್ ಆಗಿ, ತಂದೆತಾಯಿ ಕ್ಲಬ್ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಕಾದ ಗಾಳಿ ತೆಳುವಾಗಿರುತ್ತದೆ. ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಇದು ಆಕೆ ವರ್ಷವರ್ಷವೂ ತರಗತಿಯಲ್ಲಿ ಹೇಳುವ ಪಾಠ. ಹೊಸ ಉಷ್ಣತೆ ಹಾಕಿ ಮತ್ತೆ ಲೆಕ್ಕ ಮಾಡಿದಳು. ಓಟ ಉದ್ದವಾಗುತ್ತದೆ, ಆದರೆ ರನ್‌ವೇ ಸಾಲುತ್ತದೆ ಎಂದು ಬಂತು. ವಿಮಾನದ ಸುತ್ತ ನಡೆದು ರೆಕ್ಕೆ, ಬಾಲ, ಚಕ್ರ, ಎಣ್ಣೆ ಎಲ್ಲವನ್ನೂ ಮುಟ್ಟಿ ನೋಡಿ, ಹವಾಮಾನ ವಿಚಾರಿಸಲು ಕಚೇರಿಗೆ ಹೋದಳು. ಮುಕರ್ರಂ ಬೆಂಕಿ ಆರಿಸುವ ಸಿಲಿಂಡರ್ ತರಲು ಅತ್ತ ಹೋಗಿದ್ದ.

ಹಿಂತಿರುಗಿದಾಗ ಶೇಖಮ್ಮ ಆಗಲೇ ಸೀಟಿನಲ್ಲಿ ಪಟ್ಟಿ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದಳು. ಸೀಟಿನ ಹಿಂದೆ ಅವಳ ಕೌದಿ, ಹಳೆಯ ಸೀರೆಗಳ ತುಂಡು ಸೇರಿಸಿ ಅವಳೇ ಹೊಲಿದದ್ದು, ಅಚ್ಚುಕಟ್ಟಾಗಿ ಹಾಸಿಕೊಂಡಿತ್ತು.

“ಇದ್ಯಾಕ ಬೇ?”

“ಮ್ಯಾಲೆ ಥಂಡಿ ಇರ್ತದಂತ ನೀನ ಹೇಳಿದ್ದಿ.”

ನಾಗವೇಣಿಗೆ ನಗು ಬಂತು. ಕೌದಿಯ ತೂಕ ಎಷ್ಟಿದ್ದೀತು ಎಂದುಕೊಂಡಳು. ಅದನ್ನು ಎತ್ತಿ ನೋಡಲಿಲ್ಲ. ರೆಕ್ಕೆಯ ಒಂದೊಂದು ತಿರುಪನ್ನೂ ಮುಟ್ಟಿದ್ದ ಕೈ ಅವ್ವನ ಕೌದಿಯನ್ನು ಮಾತ್ರ ಮುಟ್ಟಲಿಲ್ಲ.

ರನ್‌ವೇಯ ತುದಿಗೆ ಹೋಗುವಾಗಲೇ ಮುಂಗಾಲಿನ ಚಕ್ರ ಹಗುರವಾಗಿದೆಯೆನಿಸಿತು. ಬಿಸಿಲಿಗೆ ಡಾಂಬರು ಮೆತ್ತಗಾಗಿರಬೇಕೆಂದು ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಕಾರಣಗಳು ಬೇಕೆಂದಾಗ ಕೈಗೆ ಸಿಗುವುದೇ ಅವುಗಳ ದೋಷ. ಎಂಜಿನ್ ಪೂರ್ತಿ ತೆರೆದಳು. ವಿಮಾನ ಗುಡುಗುತ್ತ ಹೊರಟಿತು. ಪಕ್ಕದಲ್ಲಿ ಶೇಖಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, “ಬುದ್ಧಂ ಶರಣಂ” ಎಂದು ಒಂದೇ ಸಮನೆ ಹೇಳಿಕೊಳ್ಳುತ್ತಿದ್ದಳು.

ಸೂಜಿ ಏಳುತ್ತಿತ್ತು, ಆದರೆ ಸಾವಕಾಶವಾಗಿ. ಮೂಗು ಮಾತ್ರ ಹೊತ್ತಿಗೆ ಮೊದಲೇ ಮೇಲೆದ್ದು ಅಲ್ಲಾಡತೊಡಗಿತು. ವೇಗವಿಲ್ಲ, ಆದರೂ ಏಳುವ ಆತುರ. ಬಾಲದ ಕಡೆ ಯಾರೋ ಜೋತುಬಿದ್ದಂತೆ. ಬೇವಿನ ಮರ ಹತ್ತಿರವಾಯಿತು. ಆಕೆಯ ತಲೆಯಲ್ಲಿ ಎರಡು ದನಿಗಳಿದ್ದವು. ಒಂದು ಹೇಳುತ್ತಿತ್ತು: ಬಿಸಿಲು, ಇನ್ನಷ್ಟು ಓಡಿದರೆ ಎದ್ದೀತು, ಅವ್ವ ಇಷ್ಟು ದಿನ ಕಾದಿದ್ದಾಳೆ. ಇನ್ನೊಂದು ಏನನ್ನೂ ವಾದಿಸಲಿಲ್ಲ. ಮರ ಬಂತು, ಸೂಜಿ ಗೆರೆ ಮುಟ್ಟಿಲ್ಲ ಎಂದಿತು, ಅಷ್ಟೇ.

ಕೈ ಎಂಜಿನ್ನನ್ನು ಇಳಿಸಿತು. ಬ್ರೇಕಿನ ಮೇಲೆ ಎರಡೂ ಕಾಲು ಊರಿದಳು. ಚಕ್ರಗಳು ಕಿರುಗುಟ್ಟಿದವು, ಸುಟ್ಟ ರಬ್ಬರಿನ ವಾಸನೆ ಬಂತು, ಕಾಂಪೌಂಡಿನ ಕಲ್ಲುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾದವು. ಆಮೇಲೆ ವಿಮಾನ ನಿಂತಿತು. ಗೋಡೆಗೂ ಅದಕ್ಕೂ ನಡುವೆ ಒಂದು ಲಾರಿ ತಿರುಗುವಷ್ಟು ಜಾಗವಿತ್ತು.

ಎಂಜಿನ್ನಿನ ಸದ್ದು ಅಡಗಿದಾಗ ಶೇಖಮ್ಮ ಒಂದು ಕಣ್ಣು ತೆರೆದಳು.

“ಇಳಿದ್ವೇನು?”

ನಾಗವೇಣಿ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು.

“ಇಷ್ಟ ಲಗೂ ಬಂತಾ ಮಾನವಿ? ಬಸ್ಸಿನ್ಯಾಗ ಬ್ಯಾಸರಾಗಿ ಸಾಯ್ತಿದ್ವಿ ನೋಡು.” ಅವಳು ಇನ್ನೊಂದು ಕಣ್ಣನ್ನೂ ತೆರೆದು ಹೊರಗೆ ನೋಡಿದಳು. “ಕಿರಣ ಎಲ್ಲಿ? ಈ ಗ್ವಾಡಿ ಯಾರದು?”

ಆಗ ನಾಗವೇಣಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬಾಗಿಲು ತಳ್ಳಿ ಕೆಳಗಿಳಿದಳು. ಮುಕರ್ರಂ ಓಡಿ ಬರುತ್ತಿದ್ದ. ಅವನ ಹಿಂದೆ ಮಲ್ಲಯ್ಯ, ಪಂಚೆ ಎತ್ತಿ ಹಿಡಿದು, ಶಾಲೆಯ ಗಂಟೆ ತಪ್ಪಿದವನಂತೆ. ಅವಳು ಬಾಗಿಲೊಳಗೆ ಕೈ ಚಾಚಿ ಕೌದಿಯ ಅಂಚು ಎತ್ತಿದಳು.

ಕೆಳಗೆ ಒಂದು ಗೋಣಿಚೀಲ, ಒಂದು ಎಣ್ಣೆ ಡಬ್ಬಿ, ಒಂದು ಚೀಲ ಹೊಸ ಜೋಳ. ಗೋಣಿಚೀಲದೊಳಗೆ ಖಾರ ಕುಟ್ಟುವ ಕಲ್ಲಿನ ಕಲಬತ್ತು, ಮಸರಕಲ್ಲಿನ ಅಡುಗೆಮನೆಯಲ್ಲಿ ಆಕೆ ಹುಟ್ಟುವ ಮೊದಲಿನಿಂದ ಇದ್ದದ್ದು, ಕರ್ರಗೆ, ಎಣ್ಣೆ ಕುಡಿದು ಹೊಳೆಯುತ್ತ. ಎರಡು ಸೀಟಿನ ವಿಮಾನದಲ್ಲಿ ಮೂರನೆಯ ಮನುಷ್ಯನೊಬ್ಬನನ್ನು ಬಾಲದ ಕಡೆ ಕೂರಿಸಿದಷ್ಟು ಭಾರ.

“ಯಾ ಅಲ್ಲಾ!” ಎಂದ ಮುಕರ್ರಂ. “ಅಮ್ಮಾ, ಇದು ಹವಾಯಿ ಜಹಾಜ್ ಐತ್ರಿ, ಟ್ರ್ಯಾಕ್ಟರ್ ಅಲ್ಲ!”

ಆ ಮನೆಯವರು ನಾಗವೇಣಿ ಕಾಲೇಜಿನಲ್ಲಿದ್ದಾಗಲೇ ಬೌದ್ಧರಾಗಿದ್ದರು. ಹೊಸ ಮನೆಗೆ ಹೋಮ, ಹೊಸ್ತಿಲಿಗೆ ತೆಂಗಿನಕಾಯಿ ಎಲ್ಲ ಬಿಟ್ಟಿದ್ದರು. ಬುದ್ಧವಂದನೆ ಹೇಳಿ ಒಳಗೆ ಕಾಲಿಡುತ್ತಿದ್ದರು. ಆದರೆ ಕಲ್ಲು ಬಿಟ್ಟಿರಲಿಲ್ಲ. ಒಲೆ ಹೊತ್ತುವ ಮುಂಚೆ ಹಿರಿಯಳ ಕೈಯಿಂದ ಕಲಬತ್ತು ಒಳಗೆ ಬರಬೇಕು, ಜೊತೆಗೆ ಹೊಸ ಕಾಳು. ಶೇಖಮ್ಮನಿಗೆ ಅದು ಅವಳ ಅತ್ತೆಯಿಂದ ಬಂದದ್ದು. ವಿಶಾಖಾಗೆ ಅವಳಿಂದ ಹೋಗಬೇಕಾದದ್ದು. ಆಕಾಶದ ಮೂಲಕ ಹೋದರೆ ಇನ್ನೂ ಚೆಂದ ಎಂದು ಅವಳು ಯೋಚಿಸಿದ್ದರೆ ಅದರಲ್ಲಿ ಸೋಜಿಗವೇನು?

“ನಾ ಹೇಳಿದ್ದೆ, ಭಾರ ಆಗತದ ಅಂತ” ಎಂದ ಮಲ್ಲಯ್ಯ, ಇನ್ನೂ ಏದುಸಿರು ಬಿಡುತ್ತ.

“ಹೇಳಿದ್ದಿ. ಹೇಳಿ ನೀನ ಎತ್ತಿ ಇಟ್ಟಿ!”

“ನೀ ಇಡು ಅಂದಿ, ಇಟ್ಟೆ.”

“ನಲವತ್ತೆಂಟು ವರ್ಷದಾಗ ನಾ ಹೇಳಿದ್ದು ಮತ್ತೇನು ಕೇಳೀದಿ? ಇದೊಂದ ಕೇಳಬೇಕಿತ್ತಾ?”

ಸಿಟ್ಟು ಬರಬೇಕಿದ್ದ ಜಾಗದಲ್ಲಿ ನಾಗವೇಣಿಗೆ ಬಂದದ್ದು ನಿರಾಳ. ಇಬ್ಬರೂ ಎದುರಿಗೆ ನಿಂತು ಜಗಳವಾಡುತ್ತಿದ್ದಾರೆ. ಅದೇ ದೊಡ್ಡ ಸಂಗತಿ. ಅದೂ ಅಲ್ಲದೆ ತಪ್ಪು ಯಾರದೆಂಬುದು ಅವಳಿಗೆ ಗೊತ್ತಿತ್ತು. ವಿಮಾನದೊಳಗೆ ಏನಿದೆಯೆಂದು ತಿಳಿದಿರಬೇಕಾದವಳು ಪೈಲಟ್. ಅದನ್ನು ಅವ್ವನ ಮೇಲೆ ಹಾಕಲು ಬರುವುದಿಲ್ಲ.

“ಒಂದು ಕಲ್ಲಿಗೆ ಇಷ್ಟ್ಯಾಕ ಮಾರಿ ಸಣ್ಣ ಮಾಡ್ತಿ ಬೇ?” ಎಂದಳು ಶೇಖಮ್ಮ, ಈಗ ತುಸು ಅಳುಕಿನಿಂದ. “ಟಂಟಂ ಆಟೋದಾಗ ಊರ ಮಂದಿ ಎಲ್ಲಾ ಹೊಕ್ಕೀವಿ, ಮ್ಯಾಲೆ ಹೊಟ್ಟಿನ ಚೀಲ. ಅದು ಹೋಗಂಗಿಲ್ಲೇನು?”

“ಟಂಟಂ ಕೆಟ್ರ ರಸ್ತಿ ಬಾಜೂಕ ನಿಂದರ್ತದ ಬೇ ಯವ್ವಾ. ಇದು ಮ್ಯಾಲೆ ಎಲ್ಲಿ ನಿಂದರಬೇಕು?”

ಶೇಖಮ್ಮ ಗೋಡೆಯನ್ನು ನೋಡಿದಳು. ವಿಮಾನದ ಚಕ್ರಗಳು ರನ್‌ವೇಯ ಮೇಲೆ ಎಳೆದ ಕರಿ ಗೆರೆಗಳನ್ನು ನೋಡಿದಳು. ಆಮೇಲೆ ಮಗಳ ಕೈಯನ್ನು ಹಿಡಿದುಕೊಂಡು, ಹ್ಯಾಂಗರಿನ ನೆರಳು ಮುಟ್ಟುವವರೆಗೂ ಬಿಡಲಿಲ್ಲ.

ಮಧ್ಯಾಹ್ನ ಕ್ಯಾಪ್ಟನ್ ಯಶೋದಾ ಎಲ್ಲವನ್ನೂ ಕೇಳಿಕೊಂಡರು. ವಿಮಾನವೇ ತನಗೆ ಮುನ್ಸೂಚನೆ ಕೊಟ್ಟಿತು ಎಂಬಂಥ ಮಾತು ನಾಗವೇಣಿಯ ಬಾಯಿಯಿಂದ ಬಂದಾಗ ಅವರು ತಡೆದರು. “ಅದು ಏನೂ ಹೇಳಲಿಲ್ಲ. ಅದಕ್ಕೆ ಶಕ್ತಿ ಕಡಿಮೆ, ಅಷ್ಟೆ. ನೀನು ಮರ ನೋಡಿದೆ, ಸೂಜಿ ನೋಡಿದೆ. ಕೌದಿ ನೋಡಲಿಲ್ಲ.” ನಾಗವೇಣಿ ಅದನ್ನು ಒಪ್ಪಿದಳು. ಯಂತ್ರಕ್ಕೆ ಮನಸ್ಸಿದೆಯೆಂದು ನಂಬುವವಳು ಅವಳಲ್ಲ. ಆದರೂ ರಾತ್ರಿ ಊಟದವರೆಗೂ ಅದನ್ನೇ ಯೋಚಿಸಿದಳು. ಗಿರಣಿ ಮಾಲೀಕರ ೧೭೨ ಆಗಿದ್ದರೆ ಆ ಕಲ್ಲನ್ನು ಗೊಣಗದೆ ಹೊತ್ತೊಯ್ಯುತ್ತಿತ್ತು. ಅವಳು ಹಾರಿ, ಇಳಿದು, ತನ್ನ ಲೆಕ್ಕ ಸರಿಯಿತ್ತೆಂದೇ ನಂಬಿ ಮನೆಗೆ ಹೋಗುತ್ತಿದ್ದಳು. ಮುಂದಿನ ಸಲವೂ ಕೌದಿ ಎತ್ತುತ್ತಿರಲಿಲ್ಲ. ಬಡ ಎಂಜಿನ್ನಿನ ಈ ಹಳೆಯ ವಿಮಾನಕ್ಕೆ ಅಂಥ ಔದಾರ್ಯವಿಲ್ಲ. ಇಟ್ಟ ಪ್ರತಿಯೊಂದು ಸೇರೂ ಸೂಜಿಯ ಮೇಲೆ ಬಂದು ಕೂರುತ್ತದೆ. ತನ್ನಂಥ, ಕಾರಣಗಳನ್ನು ಬೇಗ ಹುಡುಕಿಕೊಳ್ಳುವ ಪೈಲಟ್‌ಗೆ ಅದೇ ಒಳ್ಳೆಯದು ಎಂದು ಅವಳಿಗನ್ನಿಸಿತು.

ತಂದೆತಾಯಿ ಆ ದಿನ ಕ್ಲಬ್ಬಿನ ಅತಿಥಿ ಕೋಣೆಯಲ್ಲೇ ಉಳಿದರು. ಮರುದಿನ ಬೆಳಕು ಹರಿಯುವ ಮೊದಲು ಕಲಬತ್ತು, ಜೋಳ, ಎಣ್ಣೆ ಎಲ್ಲವನ್ನೂ ಬೊಲೆರೊದಲ್ಲಿಟ್ಟುಕೊಂಡು ಮಲ್ಲಯ್ಯ ಮಾನವಿಯ ದಾರಿ ಹಿಡಿದ. ಕೌದಿಯೊಂದು ಮಾತ್ರ ಥಂಡಿಗೆಂದು ಸೀಟಿನ ಹಿಂದೆ ಉಳಿಯಿತು. ಇತ್ತ ಬ್ರೇಕು, ಚಕ್ರಗಳನ್ನು ಮುಕರ್ರಂ ಬಿಚ್ಚಿ ನೋಡಿ ಸೈ ಎಂದಿದ್ದ. ಶೇಖಮ್ಮ ವಿಮಾನ ಹತ್ತುವಾಗ ಅವನು ಬಾಗಿಲಿಗೆ ಅಡ್ಡ ನಿಂತ.

“ಅಮ್ಮಾ, ಸೊಂಟದಾಗ ಏನರ ಐತೇನ್ರಿ?”

ಅವಳು ಅವನನ್ನು ದುರುಗುಟ್ಟಿ ನೋಡಿ, ಸೊಂಟದಿಂದ ಎಲೆಯಡಿಕೆಯ ಸಂಚಿ ತೆಗೆದು ಅವನ ಅಂಗೈಯಲ್ಲಿಟ್ಟಳು. “ತೂಗಿ ನೋಡು. ನೀನೂ ಹತ್ತಿ ಸಾವಕಾರ ಆಗೀದಿ.”

ತಂಪು ಗಾಳಿಯಲ್ಲಿ ಬೇವಿನ ಮರ ಬರುವ ಮೊದಲೇ ಸೂಜಿ ಗೆರೆ ದಾಟಿತ್ತು. ಚಕ್ರಗಳು ನೆಲ ಬಿಟ್ಟದ್ದು ಗೊತ್ತಾಗದಷ್ಟು ಹಗುರವಾಗಿ ವಿಮಾನ ಎದ್ದಿತು. ಈ ಸಲ ಶೇಖಮ್ಮ ಕಣ್ಣು ಮುಚ್ಚಲಿಲ್ಲ. ಗೋಡೆ ಕೆಳಗೆ ಸರಿದುಹೋಗುವುದನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದಳು. ಕೃಷ್ಣೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತಿತ್ತು. ದೇವದುರ್ಗದ ಮನೆಗಳು ದಾಟಿದವು. ಮಸರಕಲ್ಲಿನ ಮೇಲೆ ರೆಕ್ಕೆ ವಾಲಿಸಿದಾಗ ಹತ್ತಿ ಕಿತ್ತ ಹೊಲಗಳು, ಶಾಲೆಯ ಚಾವಣಿ, ಕೆರೆ ಎಲ್ಲವೂ ಒಂದು ತಟ್ಟೆಯಲ್ಲಿಟ್ಟಂತೆ ಕಂಡವು.

“ಅಷ್ಟಽ ಏನು?” ಎಂದಳು ಶೇಖಮ್ಮ. “ನಮ್ಮ ಹೊಲದ ಈ ತುದಿಯಿಂದ ಆ ತುದಿಗೆ ಹತ್ತಿ ಬಿಡಿಸೋದ್ರಾಗ ನನ್ನ ನಡಾ ಹೋಗಿತ್ತು. ಇಲ್ಲಿಂದ ನೋಡಿದ್ರ ಕರ್ಚೀಪಿನಷ್ಟು ಅದಲ್ಲ ಬೇ.” ಹಾಗಂದು ಅವಳೇ ನಕ್ಕಳು.

ಮಾನವಿಯ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು ಹಸಿರು ಚೌಕಗಳಾಗಿ ಮಿನುಗಿದವು. ಹೊಸ ಲೇಔಟಿನ ಮೇಲೆ ನಾಗವೇಣಿ ದೊಡ್ಡದೊಂದು ಸುತ್ತು ಹಾಕಿದಳು. ಮಹಡಿಯ ಮೇಲೆ ಯಾರೋ ಬಿಳಿ ಬಟ್ಟೆ ಬೀಸುತ್ತಿದ್ದರು. ಮನೆಯ ಮುಂದಿನ ಬಯಲಿನಲ್ಲಿ ಲಾರಿ ತಿರುಗಬಹುದಿತ್ತು. ವಿಮಾನಕ್ಕೆ ಅದು ಅಂಗೈಯಷ್ಟು ಜಾಗ. ತಾಯಿ ಈಗ ಇಳಿಸು ಎನ್ನುತ್ತಾಳೆಂದು ಅವಳು ಕಾದಳು. ಶೇಖಮ್ಮ ಎನ್ನಲಿಲ್ಲ.

“ಕಲ್ಲು ಬಾಗಿಲದಾಗ ಇಟ್ಟಾರ ನೋಡು” ಎಂದಳು ಬೆರಳು ತೋರಿಸಿ.

ಅಷ್ಟು ಎತ್ತರದಿಂದ ಕಲಬತ್ತಿನಂಥ ವಸ್ತುವನ್ನು ಮನುಷ್ಯರ ಕಣ್ಣು ಬೇರ್ಪಡಿಸಿ ಕಾಣಲಾರದು. ನಾಗವೇಣಿಗೆ ಅದು ಚೆನ್ನಾಗಿ ಗೊತ್ತು. “ಹೌದು ಬೇ” ಎಂದಳು.

ಹಿಂತಿರುಗಿ ಇಳಿದಾಗ ಚಕ್ರಗಳು ನೆಲವನ್ನು ಮುಟ್ಟಿದ ಸದ್ದು ಕೂಡ ಕೇಳಲಿಲ್ಲ. ಆಮೇಲೆ ಕಿರಣಕುಮಾರನ ಫೋನು ಬಂತು. “ಅಕ್ಕಾ, ಅಪ್ಪ ಕಲ್ಲಿನ ಮುಂದ ಕುರ್ಚಿ ಹಾಕ್ಕೊಂಡು ಕುಂತಾನ. ಒಳಗ ತರಾಕ ಬಿಡವಲ್ಲ. ಯವ್ವಾನ ಕೈಲೆನ ಬರಬೇಕಂತ. ವಿಶಾಖಾ ಒಲಿ ಹಚ್ಚಾಕ ಕಾಯಾಕತ್ತಾಳ.”

“ಕಾಯಲಿ” ಎಂದಳು ಶೇಖಮ್ಮ ಫೋನು ಕಸಿದುಕೊಂಡು. “ಬಸ್ಸಿಗೆ ಬರ್ತೀನಿ. ಹೊತ್ತು ಮುಣುಗೋದ್ರಾಗ ಬರ್ತೀನಿ.” ಮುಕರ್ರಂ ಮರಳಿ ಕೊಟ್ಟ ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತ ಅವಳು ನೆರಳಿಗೆ ಹೋದಳು.

ನಾಗವೇಣಿ ಮತ್ತು ಮುಕರ್ರಂ ಸೇರಿ ವಿಮಾನವನ್ನು ಹಿಂದಕ್ಕೆ ನೂಕಿ ಹ್ಯಾಂಗರಿನೊಳಗೆ ನಿಲ್ಲಿಸಿದರು. ಅವನು ಚಕ್ರಗಳಿಗೆ ಅಡ್ಡಗಟ್ಟೆ ಇಡುತ್ತಿದ್ದಾಗ ಅವಳು ಬಾಗಿಲು ತೆರೆದು, ಹಾರಾಟ ಮುಗಿದಿದ್ದರೂ, ಸೀಟಿನ ಹಿಂದಿನ ಕೌದಿಯನ್ನು ಎತ್ತಿ ಕೊಡವಿ ನೋಡಿದಳು. ಕೆಳಗೆ ಏನೂ ಇರಲಿಲ್ಲ. ಅದನ್ನು ಮಡಿಚಿ, ಎದೆಗೊತ್ತಿಕೊಂಡು, ಅವ್ವನ ಹತ್ತಿರ ನಡೆದಳು.